ಸಂಜೆ ಆರಕ್ಕೆ ಜೊತೆಗೆ ಯಾರಿದ್ದಾರೆ?

(ಕುಡಿತ ಮತ್ತು ಬೇರೆ ಚಟಗಳಿಂದ ಹೊರಬರುತ್ತಿರುವವರ ಮನೆಯವರಿಗಾಗಿ ನಡೆದ ಸಭೆಯೊಂದರಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಅಣ್ಣ 28 ದಿನದ ಚಿಕಿತ್ಸೆ ಮುಗಿಸಿ ಮನೆಗೆ ಬಂದ ದಿನದಿಂದ ಮಾತು ಶುರು ಮಾಡುತ್ತೇನೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಂದ. ಮುಖದ ಊತ ಇಳಿದಿತ್ತು, ಕಣ್ಣು ತಿಳಿಯಾಗಿತ್ತು. ಅಮ್ಮ ಏನೇನೋ ನೆಪ ಮಾಡಿಕೊಂಡು ಅವನ ಕೈ ಹಿಡಿದು ನೋಡುತ್ತಿದ್ದರು. ನಡುಕ ಇರಲಿಲ್ಲ. ಊಟ ಮಾಡಿ ಮಲಗಿದ. ನಾವೆಲ್ಲ ಅಂತೂ ಗೆದ್ದೆವು ಅಂದುಕೊಂಡೆವು.

ಸಂಜೆ ಆರಾಯಿತು. ಅಣ್ಣ ಎದ್ದು ಮುಖ ತೊಳೆದ. ಗೂಟದಲ್ಲಿದ್ದ ಅಂಗಿ ತೆಗೆದು ಹಾಕಿಕೊಂಡ. ಗುಂಡಿ ಹಾಕುತ್ತಾ ಹಾಕುತ್ತಾ ಮೂರನೇ ಗುಂಡಿಗೆ ಕೈ ನಿಂತಿತು. ಹದಿನೈದು ವರ್ಷ ದಿನವೂ ಇದೇ ಹೊತ್ತಿಗೆ ಅಂಗಿ ಹಾಕಿಕೊಂಡು ಕುಡಿಯಲು ಹೊರಟಿದ್ದ ಕೈ ಅದು. ಅದಕ್ಕೆ ಗೊತ್ತಿದ್ದ ಕೆಲಸ ಅದು ಮಾಡಿತ್ತು, ಅಷ್ಟೆ. ಅಣ್ಣ ನಮ್ಮ ಕಡೆ ತಿರುಗಿ, "ನಾನೀಗ ಎಲ್ಲಿಗೆ ಹೋಗ್ಲಿ?" ಅಂದ.

ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಆಸ್ಪತ್ರೆಯಲ್ಲಿ ಮಾತ್ರೆ ಬರೆದುಕೊಟ್ಟಿದ್ದರು, ಮತ್ತೆ ಬರಬೇಕಾದ ತಾರೀಕು ಬರೆದಿದ್ದರು. ಆದರೆ ಮನೆಯವರನ್ನು ಕೂರಿಸಿಕೊಂಡು "ಸಂಜೆ ಹೊತ್ತು ಇವರು ಏನು ಮಾಡುತ್ತಾರೆ, ಯಾರ ಜೊತೆ ಇರುತ್ತಾರೆ" ಅಂತ ಯಾರೂ ಕೇಳಿರಲಿಲ್ಲ. ನಮಗೂ ಹೊಳೆದಿರಲಿಲ್ಲ. ಅಣ್ಣ ಹನ್ನೊಂದು ದಿನ ತಡೆದ. ಹನ್ನೆರಡನೇ ದಿನ ಕುಡಿದು ಬಂದ.

ಆವತ್ತು ನಾವು ಆಡಿದ ಮಾತುಗಳನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಿವುಚುತ್ತದೆ. ಆಮೇಲೆ ಹೇಳುತ್ತೇನೆ. ಬಿಡಿಸುವುದಕ್ಕೆ ಡಾಕ್ಟರು ಬೇಕು, ಸರಿ. ಆದರೆ ಬಿಟ್ಟಮೇಲೆ ಬರುವ ಸಂಜೆಗಳನ್ನು ದಾಟಿಸುವುದಕ್ಕೆ ಪಕ್ಕದಲ್ಲಿ ಜನ ಬೇಕು. ಇವತ್ತು ನಾನು ಹೇಳಲು ಬಂದಿರುವುದು ಅದನ್ನೇ. 28 ದಿನಕ್ಕೆ ಎಷ್ಟೋ ಹಣ, ಎಷ್ಟೋ ಓಡಾಟ ಹೊಂದಿಸುತ್ತೇವೆ. 29ನೇ ದಿನಕ್ಕೆ ನಮ್ಮ ಹತ್ತಿರ ಏನೂ ಇರುವುದಿಲ್ಲ.

ಮುಂದೆ ಹೋಗುವ ಮೊದಲು ಜೀವಕ್ಕೆ ಸಂಬಂಧಪಟ್ಟ ಎರಡು ವಿಷಯ ಹೇಳಿಬಿಡಬೇಕು. ದಯವಿಟ್ಟು ಗಮನ ಕೊಟ್ಟು ಕೇಳಿ.

ವರ್ಷಗಟ್ಟಲೆ ದಿನವೂ ಜಾಸ್ತಿ ಕುಡಿದವರನ್ನು ರೂಮಿನಲ್ಲಿ ಕೂಡಿಹಾಕಿ ಒಂದೇ ಸಲ ಬಿಡಿಸಲು ಹೋಗಬೇಡಿ. ಕೊನೆಯ ಸಲ ಕುಡಿದು 6ರಿಂದ 8 ಗಂಟೆ ಕಳೆಯುವಷ್ಟರಲ್ಲಿ ಕೈ ನಡುಕ, ಬೆವರು, ವಾಕರಿಕೆ ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಎಲ್ಲಿದ್ದೇನೆ ಅನ್ನುವುದೇ ತಿಳಿಯುವುದಿಲ್ಲ. ಗೋಡೆಯ ಮೇಲೆ ಹುಳ ಹರಿದ ಹಾಗೆ ಕಾಣುತ್ತದೆ, ಮೈ ಸುಡುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಡಾಕ್ಟರು ಇದಕ್ಕೆ ಡಿಲೀರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಇದರಿಂದ ಜೀವ ಹೋಗಬಹುದು. ಅದಕ್ಕೇ ನಿಲ್ಲಿಸುವುದು ಡಾಕ್ಟರ ಕಣ್ಗಾವಲಿನಲ್ಲೇ ಆಗಬೇಕು. ಅಲ್ಲಿ ನಡುಕ, ಫಿಟ್ಸ್ ತಡೆಯಲು ಔಷಧಿ ಕೊಡುತ್ತಾರೆ, ಮಿದುಳಿಗೆ ಪೆಟ್ಟಾಗದ ಹಾಗೆ ಬಿ1 ವಿಟಮಿನ್ ಕೊಡುತ್ತಾರೆ. "ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಕು" ಅನ್ನುವವರ ಮಾತು ಕೇಳಬೇಡಿ. ಮನಸ್ಸು ಎಷ್ಟು ಗಟ್ಟಿಯಿದ್ದರೂ ಫಿಟ್ಸ್ ನಿಲ್ಲುವುದಿಲ್ಲ.

ಎರಡನೆಯದು, ಕುಡಿಯುವವರಿಗೆ ಗೊತ್ತಿಲ್ಲದ ಹಾಗೆ ಊಟದಲ್ಲಿ ಕುಡಿತ ಬಿಡಿಸುವ ಮಾತ್ರೆ ಬೆರೆಸಿ ಕೊಡುವುದು. ಇದನ್ನು ಮಾಡಿದ ಎಷ್ಟೋ ತಾಯಂದಿರನ್ನು, ಹೆಂಡತಿಯರನ್ನು ನಾನು ನೋಡಿದ್ದೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ದಾರಿ ಕಾಣದೆ ಮಾಡಿದ್ದು. ಆದರೆ ಡೈಸಲ್ಫಿರಾಂ ಅನ್ನುವ ಮಾತ್ರೆ ಒಳಗಿರುವಾಗ ಮದ್ಯ ಬಿದ್ದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ತಿಳಿದು, ಒಪ್ಪಿ, ಡಾಕ್ಟರ ಸಲಹೆಯಂತೆ ತೆಗೆದುಕೊಂಡರೆ ಅದು ಔಷಧಿ. ಕದ್ದು ಹಾಕಿದರೆ ವಿಷ. ಒಂದು ದಿನ ಅದು ಗೊತ್ತಾದಾಗ ಅವರು ಮನೆಯ ಊಟವನ್ನೇ ನಂಬುವುದಿಲ್ಲ. ಆ ನಂಬಿಕೆಯನ್ನು ಮತ್ತೆ ಎಲ್ಲಿಂದ ತರುವುದು?

ಈಗ ಮನೆಯವರ ವಿಷಯಕ್ಕೆ ಬರುತ್ತೇನೆ. ನಾವು "ಅವನಿಗೆ ಕಾಯಿಲೆ, ನಾವು ಸಹಾಯಕರು" ಅಂದುಕೊಂಡಿರುತ್ತೇವೆ. ಹಾಗಲ್ಲ. ಕುಡಿತ ಒಬ್ಬರ ಹೊಟ್ಟೆಗೆ ಹೋದರೂ ಮನೆಯಲ್ಲಿರುವ ಎಲ್ಲರ ನರಗಳಿಗೂ ಇಳಿದಿರುತ್ತದೆ.

ಅಣ್ಣನ ಮಗಳಿಗೆ ಆಗ ಒಂಬತ್ತು ವರ್ಷ. ಗೇಟಿನ ಚಿಲಕದ ಸದ್ದಿನ ಮೇಲೇ ಇವತ್ತು ಅಪ್ಪ ಎಷ್ಟು ಕುಡಿದಿದ್ದಾನೆ ಅಂತ ಹೇಳುತ್ತಿದ್ದಳು. ಚಿಲಕ ಒಂದೇ ಸಲಕ್ಕೆ ಬಿದ್ದರೆ ಪರವಾಗಿಲ್ಲ. ಎರಡು ಮೂರು ಸಲ ತಡಕಾಡಿದರೆ ತಮ್ಮನನ್ನು ಎಳೆದುಕೊಂಡು ಒಳಕೋಣೆಗೆ ಹೋಗುತ್ತಿದ್ದಳು. ಅಣ್ಣ ಬಿಟ್ಟು ಮೂರು ತಿಂಗಳಾದ ಮೇಲೂ ಗೇಟು ಸದ್ದಾದರೆ ಸಾಕು, ಪುಸ್ತಕ ಮುಚ್ಚಿ ಎದ್ದು ನಿಲ್ಲುತ್ತಿದ್ದಳು. ಅಪ್ಪ ನೆಟ್ಟಗೆ ನಡೆದು ಬಂದರೂ ನಿಲ್ಲುತ್ತಿದ್ದಳು. ಅವಳಿಗೆ ಯಾರೂ 28 ದಿನದ ಚಿಕಿತ್ಸೆ ಕೊಡಿಸಿರಲಿಲ್ಲ.

ಅತ್ತಿಗೆಯದು ಇನ್ನೊಂದು ಥರ. ಅಣ್ಣ ಬಾಗಿಲಿಗೆ ಬಂದ ಕೂಡಲೇ "ಅಂಗಿ ಕೊಡಿ, ಒಗೆಯೋಕೆ ಹಾಕ್ತೀನಿ" ಅನ್ನುತ್ತಿದ್ದರು. ಒಗೆಯುವುದಕ್ಕಲ್ಲ, ವಾಸನೆ ನೋಡುವುದಕ್ಕೆ. ಅಣ್ಣನಿಗೂ ಅದು ಗೊತ್ತಿತ್ತು. ಮಾತಿಲ್ಲದೆ ಬಿಚ್ಚಿ ಕೊಡುತ್ತಿದ್ದ. ಬಿಟ್ಟವರಿಗೆ ಇದು ಎಷ್ಟು ನೋವಾಗುತ್ತದೆ ಅಂತ ಅವರು ಹೇಳಿಕೊಳ್ಳುತ್ತಾರೆ. ನ್ಯಾಯವೇ. ಆದರೆ ಅವರಿಗೂ ನಾನು ಒಂದು ಮಾತು ಹೇಳುತ್ತೇನೆ: ಹದಿನೈದು ವರ್ಷ ಸುಳ್ಳು ಕೇಳಿದ ಕಿವಿ ಹದಿನೈದು ದಿನಕ್ಕೆ ನಂಬಬೇಕು ಅನ್ನಬೇಡಿ. ನೀವು ಬಿಟ್ಟಿದ್ದೀರಿ ಅನ್ನುವುದು ನಿಮಗೆ ಗೊತ್ತು. ಮನೆಯವರಿಗೆ ಅದು ದಿನದಿನವೂ ಸ್ವಲ್ಪಸ್ವಲ್ಪವಾಗಿ ಗೊತ್ತಾಗಬೇಕು.

ಮಕ್ಕಳ ಹತ್ತಿರ ಮಾತಾಡಿ. ಮುಚ್ಚಿಟ್ಟರೆ ಅವರು ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ. "ಅಪ್ಪನಿಗೆ ಇದೊಂದು ಕಾಯಿಲೆ. ನಿನ್ನಿಂದ ಬಂದಿದ್ದಲ್ಲ. ನೀನು ಜಾಸ್ತಿ ಮಾರ್ಕ್ಸ್ ತೆಗೆದರೆ ಹೋಗುವುದೂ ಅಲ್ಲ. ನಿನಗೆ ಭಯವಾದಾಗ ನನ್ನ ಹತ್ತಿರ ಬಾ." ಇಷ್ಟು ಹೇಳಿದರೆ ಎಷ್ಟೋ ಹಗುರಾಗುತ್ತಾರೆ.

ಮನೆಯವರು ಬದಲಾದರೆ ಏನಾಗುತ್ತದೆ ಅನ್ನುವುದನ್ನು ಅಮೆರಿಕದಲ್ಲಿ ಸರಿಯಾಗಿ ಅಳೆದು ನೋಡಿದ್ದಾರೆ. ರಾಬರ್ಟ್ ಮೈಯರ್ಸ್ ಅನ್ನುವ ಮನಶ್ಶಾಸ್ತ್ರಜ್ಞರು ರೂಪಿಸಿದ ಕ್ರಾಫ್ಟ್ ಎಂಬ ಕ್ರಮ ಇದೆ. ಕುಡಿಯುವವರು ಚಿಕಿತ್ಸೆಗೆ ಬರಲು ಸುತಾರಾಂ ಒಪ್ಪದಿದ್ದಾಗ, ಮನೆಯವರಿಗೇ ತರಬೇತಿ ಕೊಡುವುದು. 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 130 ಮಂದಿ ಮನೆಯವರನ್ನು ಮೂರು ಗುಂಪು ಮಾಡಿದ್ದರು. ನೆಂಟರಿಷ್ಟರೆಲ್ಲ ಸೇರಿ ಎದುರು ಕೂರಿಸಿಕೊಂಡು "ಚಿಕಿತ್ಸೆಗೆ ಹೋಗಲೇಬೇಕು" ಎಂದು ಒತ್ತಾಯಿಸುವ ದಾರಿಯಲ್ಲಿ 30% ಮಂದಿ ಕುಡಿಯುವವರು ಚಿಕಿತ್ಸೆಗೆ ಬಂದರು. ಕ್ರಾಫ್ಟ್ ಕಲಿತ ಮನೆಗಳಲ್ಲಿ 64% ಮಂದಿ ಬಂದರು. ಮೂರನೆಯದು ಕುಟುಂಬಗಳ ಸ್ವಸಹಾಯ ಗುಂಪಾದ ಅಲ್-ಅನಾನ್ ಕಡೆಗೆ ಮನೆಯವರನ್ನು ಕರೆದೊಯ್ಯುವ ದಾರಿ. ಅಲ್ಲಿ 13% ಮಂದಿ ಬಂದರು. ಆದರೆ ಅಲ್-ಅನಾನ್ ಇರುವುದು ಮನೆಯವರ ನೆಮ್ಮದಿಗಾಗಿ, ಇನ್ನೊಬ್ಬರನ್ನು ಚಿಕಿತ್ಸೆಗೆ ಎಳೆದು ತರುವುದು ಅದರ ಗುರಿಯೇ ಅಲ್ಲ. ವಿಶೇಷವೆಂದರೆ, ಮೂರೂ ಗುಂಪುಗಳಲ್ಲಿ ಮನೆಯವರ ಸ್ವಂತ ಸಂಕಟ ಇಳಿದಿತ್ತು.

ಏನು ಕಲಿಸುತ್ತಾರೆ? ಕುಡಿಯದೆ ಇರುವ ಹೊತ್ತಿನಲ್ಲಿ ಹತ್ತಿರ ಹೋಗುವುದು, ಪ್ರೀತಿಯಿಂದ ಮಾತಾಡುವುದು. ಕುಡಿದಿದ್ದಾಗ ಜಗಳಕ್ಕೆ ಇಳಿಯದೆ ದೂರ ಸರಿಯುವುದು. ಕುಡಿತದಿಂದ ಆದ ನಷ್ಟವನ್ನು ನಾವೇ ಮುಚ್ಚಿಹಾಕದಿರುವುದು. ಚಿಕಿತ್ಸೆಯ ಮಾತು ಎತ್ತಲು ಸರಿಯಾದ ಹೊತ್ತಿಗೆ ಕಾಯುವುದು. ಕೇಳಲು ಸುಲಭ, ಅಲ್ವಾ? ನಾವು ಮಾಡುತ್ತಿದ್ದದ್ದು ಪೂರ್ತಿ ಉಲ್ಟಾ. ಅಣ್ಣ ಕುಡಿದು ಬಂದ ರಾತ್ರಿ ಮನೆಯೆಲ್ಲ ಅವನ ಸುತ್ತಲೇ. ಬೈಗುಳ, ಅಳು, ಆಣೆ ಭಾಷೆ. ಬೆಳಿಗ್ಗೆ ಎದ್ದರೆ ಅತ್ತಿಗೆ ಅವನ ಆಫೀಸಿಗೆ ಫೋನ್ ಮಾಡಿ "ಜ್ವರ ಬಂದಿದೆ" ಅನ್ನುತ್ತಿದ್ದರು. ಕುಡಿಯದೆ ಬಂದ ದಿನ ಯಾರೂ ಅವನ ಕಡೆ ನೋಡುತ್ತಲೂ ಇರಲಿಲ್ಲ. ಅವತ್ತಾದರೂ ಸ್ವಲ್ಪ ಮಲಗೋಣ ಅನ್ನುವಷ್ಟು ದಣಿದಿರುತ್ತಿದ್ದೆವು.

ಈಗ ಮತ್ತೆ ಆ ಆರು ಗಂಟೆಗೆ ಹೋಗೋಣ.

1935ರ ಮೇ ತಿಂಗಳು. ಅಮೆರಿಕದ ಆಕ್ರನ್ ಊರಿನ ಒಂದು ಹೋಟೆಲು. ಬಿಲ್ ವಿಲ್ಸನ್ ಎಂಬಾತ ವ್ಯವಹಾರಕ್ಕೆಂದು ಬಂದು, ಅದು ಕೈಕೊಟ್ಟು, ಒಬ್ಬನೇ ಲಾಬಿಯಲ್ಲಿ ನಿಂತಿದ್ದ. ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಒಂದು ಕಡೆ ಬಾರಿನಿಂದ ನಗು, ಮಾತು ಕೇಳಿಬರುತ್ತಿತ್ತು. ಇನ್ನೊಂದು ಕಡೆ ಟೆಲಿಫೋನು. ಆತ ಟೆಲಿಫೋನಿನ ಕಡೆ ಹೋದ. ಊರಿನ ಚರ್ಚುಗಳ ಪಟ್ಟಿ ನೋಡಿ ಫೋನ್ ಮಾಡಿದ. ಕುಡಿತದಿಂದ ನರಳುತ್ತಿರುವ ಇನ್ನೊಬ್ಬರ ಜೊತೆ ನನಗೆ ಮಾತಾಡಬೇಕು, ಯಾರಾದರೂ ಇದ್ದಾರಾ ಅಂತ ಕೇಳಿದ. ಮಾರನೇ ದಿನ ಸಂಜೆ ಐದಕ್ಕೆ ಬಾಬ್ ಸ್ಮಿತ್ ಎಂಬ ಸರ್ಜನ್ ಸಿಕ್ಕರು. ಕಾಲು ಗಂಟೆ ಮಾತ್ರ ಅಂತ ಬಂದ ಡಾಕ್ಟರು ಗಂಟೆಗಟ್ಟಲೆ ಕೂತರು. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಹುಟ್ಟಿದ್ದು ಹೀಗೆ. ನನಗೆ ಈ ಕಥೆಯಲ್ಲಿ ಮನಸ್ಸಿಗೆ ನಾಟುವುದು ಬಿಲ್ ಫೋನಿನಲ್ಲಿ ಕೇಳಿದ್ದು. ಬುದ್ಧಿ ಹೇಳುವವರನ್ನು ಆತ ಹುಡುಕಲಿಲ್ಲ. ತನ್ನ ಹಾಗೇ ಒದ್ದಾಡುತ್ತಿರುವ ಒಬ್ಬರನ್ನು ಹುಡುಕಿದ. ಮುಂದೆ 1951ರಲ್ಲಿ ಬಿಲ್‌ನ ಹೆಂಡತಿ ಲೋಯಿಸ್ ಜೊತೆಗಾರ್ತಿಯೊಬ್ಬರೊಡನೆ ಸೇರಿ ಶುರು ಮಾಡಿದ್ದೇ ಆಗ ಹೇಳಿದ ಅಲ್-ಅನಾನ್. ಗಂಡ ಬಿಟ್ಟಮೇಲೂ ತನ್ನೊಳಗಿನ ಸಿಟ್ಟು ಹೋಗಿಲ್ಲ ಅನ್ನುವುದನ್ನು ಆಕೆ ಗುರುತಿಸಿಕೊಂಡಿದ್ದಳು.

ಇಂಥ ಗುಂಪುಗಳು ಬರೀ ಸಮಾಧಾನಕ್ಕೆ ಅಂತ ಕೆಲವರು ಹೇಳುತ್ತಾರೆ. 2020ರಲ್ಲಿ, ಚಿಕಿತ್ಸೆಗಳ ಮೇಲಿನ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿತು. ಜನರನ್ನು ಎಎಗೆ ಜೋಡಿಸುವ ಕ್ರಮಬದ್ಧ ಚಿಕಿತ್ಸೆಗಳು, ಪೂರ್ತಿ ಕುಡಿಯದೆ ಉಳಿಯುವ ವಿಷಯದಲ್ಲಿ, ಬೇರೆ ಒಳ್ಳೆಯ ಚಿಕಿತ್ಸೆಗಳಿಗಿಂತ ಒಂದು ಕೈ ಮೇಲೇ ಇದ್ದವು.

ನನಗೆ ಇನ್ನೂ ಹತ್ತಿರದ್ದು ಜಾಗ್ರೆಬ್ ಮಾದರಿ. ಕ್ರೊಯೇಷಿಯಾದ ಜಾಗ್ರೆಬ್ ನಗರದಲ್ಲಿ 1964ರಲ್ಲಿ ವ್ಲಾದಿಮಿರ್ ಹುದೋಲಿನ್ ಎಂಬ ಮನೋವೈದ್ಯರು ಒಂದು ಕ್ಲಬ್ ಶುರು ಮಾಡಿದರು. ಅಲ್ಲಿಗೆ ಕುಡಿಯುವವರು ಒಬ್ಬರೇ ಬರುವುದಿಲ್ಲ, ಮನೆಯವರ ಜೊತೆ ಬರುತ್ತಾರೆ. ವಾರಕ್ಕೊಮ್ಮೆ, ಸುತ್ತ ಕುರ್ಚಿ ಹಾಕಿಕೊಂಡು. ಹನ್ನೆರಡು ಕುಟುಂಬ ದಾಟಿದರೆ ಕ್ಲಬ್ಬನ್ನು ಎರಡು ಮಾಡುತ್ತಾರೆ, ಎಲ್ಲರಿಗೂ ಮಾತಾಡಲು ಹೊತ್ತು ಸಿಗಲಿ ಅಂತ. ಇದು ಇಟಲಿಗೂ ಬೇರೆ ದೇಶಗಳಿಗೂ ಹಬ್ಬಿತು. ಇದರಲ್ಲಿ ಒಂದು ದೊಡ್ಡ ಲಾಭ ಇದೆ. ನನ್ನ ಹೆಂಡತಿ ಹೇಳಿದರೆ ನನಗೆ ಕೇಳಿಸುವುದಿಲ್ಲ. ಅದೇ ಮಾತನ್ನು ಎದುರು ಕೂತ ಇನ್ನೊಬ್ಬರ ಹೆಂಡತಿ ತನ್ನ ಗಂಡನಿಗೆ ಹೇಳಿದಾಗ ನನ್ನ ಎದೆಗೆ ತಾಕುತ್ತದೆ.

ನಮ್ಮ ಅಣ್ಣನಿಗೆ ಕ್ಲಬ್ಬೂ ಇರಲಿಲ್ಲ, ಗುಂಪೂ ಇರಲಿಲ್ಲ. ಪಕ್ಕದ ಬೀದಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದರು. ಅವರೂ ಒಂದು ಕಾಲಕ್ಕೆ ಕುಡಿಯುತ್ತಿದ್ದವರು. ಅಣ್ಣ ಜಾರಿದ ಸುದ್ದಿ ಕೇಳಿ ಒಂದು ದಿನ ಐದೂಮುಕ್ಕಾಲಿಗೆ ಬಂದು ಬಾಗಿಲಲ್ಲಿ ನಿಂತರು. "ನಡಿಯಪ್ಪ, ಒಂದು ರೌಂಡ್ ಹೋಗಿ ಬರೋಣ" ಅಂದರು. ಅಷ್ಟೆ. ಮಾರನೇ ದಿನವೂ ಬಂದರು. ಮಳೆ ಬಂದರೆ ಕೊಡೆ ಹಿಡಿದುಕೊಂಡು ಬಂದರು. ಒಂದೂವರೆ ಗಂಟೆ ನಡೆಯುತ್ತಿದ್ದರು, ಹಳೆಯ ದಾರಿ ಬಿಟ್ಟು ಬೇರೆ ದಾರಿಯಲ್ಲಿ. ಕುಡಿತದ ಮಾತು ಎತ್ತುತ್ತಲೇ ಇರಲಿಲ್ಲವಂತೆ. ಕುಡಿಯಬೇಕು ಅನ್ನುವ ತುಡಿತ ಅಲೆಯ ಹಾಗೆ ಏರಿ ಇಳಿಯುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಗ್ಗುತ್ತದೆ. ಆ ಅರ್ಧ ಗಂಟೆ ದಾಟಿಸುವುದಕ್ಕೆ ಪಕ್ಕದಲ್ಲಿ ಎರಡು ಕಾಲು ನಡೆಯುತ್ತಿದ್ದರೆ ಸಾಕಾಗಿತ್ತು.

ಇಲ್ಲಿ ಕೂತಿರುವ ನೆರೆಹೊರೆಯವರಿಗೆ ನನ್ನ ಕೋರಿಕೆ ಇದೇ. ದುಡ್ಡು ಬೇಡ, ಉಪದೇಶ ಬೇಡ. ಒಂದು ಹೊತ್ತು ಕೊಡಿ. ಸಮಾರಂಭಗಳಲ್ಲಿ "ಇವತ್ತೊಂದು ದಿನ, ನಮಗೋಸ್ಕರ" ಅಂತ ಗ್ಲಾಸು ಮುಂದೆ ಹಿಡಿಯಬೇಡಿ. "ಕುಡುಕರ ಮನೆ" ಅಂತ ಮಕ್ಕಳಿಗೆ ಕೇಳಿಸುವ ಹಾಗೆ ಅನ್ನಬೇಡಿ. ಕೆಲಸ ಕೊಡುವ ಜಾಗದಲ್ಲಿದ್ದರೆ ವಾಪಸ್ ಸೇರಿಸಿಕೊಳ್ಳಿ. ದಿನಕ್ಕೆ ಎಂಟು ಗಂಟೆ ಕೆಲಸ ಇರುವವರಿಗೆ ಖಾಲಿ ಹೊತ್ತು ಕಡಿಮೆ.

ಹೆರಾಯಿನ್‌ನಂಥ ಅಫೀಮು ಜಾತಿಯ ನಶೆಯ ಬಗ್ಗೆ ಒಂದು ಎಚ್ಚರಿಕೆ. ಕೆಲವು ವಾರ ಬಿಟ್ಟಿದ್ದವರ ಮೈ ಹಳೆಯ ಅಳತೆಯನ್ನು ತಡೆಯುವುದಿಲ್ಲ. ಮೊದಲು ತೆಗೆದುಕೊಳ್ಳುತ್ತಿದ್ದಷ್ಟೇ ಮತ್ತೆ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಚಿಕಿತ್ಸೆಯಿಂದ ಅಥವಾ ಜೈಲಿನಿಂದ ಹೊರಬಂದ ಮೊದಲ ವಾರಗಳು ಅದಕ್ಕೇ ತುಂಬ ಅಪಾಯದವು. ನಲಾಕ್ಸೋನ್ ಅನ್ನುವ ಔಷಧಿ ಆ ಉಸಿರನ್ನು ವಾಪಸ್ ತರುತ್ತದೆ. ಹತ್ತಿರ ಇರುವವರ ಕೈಗೂ ಅದು ಸಿಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ಇನ್ನು ಈ ನಶೆ ಬಿಡಿಸಲು ಅದರ ಬದಲಿಗೆ ಡಾಕ್ಟರು ಕೊಡುವ ಮೆಥಡೋನ್, ಬ್ಯುಪ್ರೆನಾರ್ಫಿನ್ ಮಾತ್ರೆಯ ಮೇಲೆ ಇರುವವರಿಗೆ "ಒಂದು ಚಟ ಬಿಟ್ಟು ಇನ್ನೊಂದು ಹಿಡಿದ" ಅನ್ನುವವರಿದ್ದಾರೆ. ಅವು 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ, ಸಾವನ್ನು ತಡೆಯುತ್ತವೆ. ನಿಮ್ಮ ಮಾತು ಕೇಳಿ ಒಬ್ಬರು ಮಾತ್ರೆ ಬಿಟ್ಟರೆ, ಅದರ ಬೆಲೆ ಒಂದು ಜೀವ ಆಗಬಹುದು.

ಮಾತು ಮುಗಿದ ಮೇಲೆ ಮೂರು ಪ್ರಶ್ನೆ ಬಂದವು.

ಹಿಂದಿನ ಸಾಲಿನಲ್ಲಿದ್ದ ಒಬ್ಬ ಹೆಣ್ಣುಮಗಳು, "ಕುಡಿದು ಹೊಡೀತಾರೆ. ಆಗಲೂ ತಾಳ್ಮೆಯಿಂದ ಇರಬೇಕಾ?" ಅಂತ ಕೇಳಿದರು. ಇಲ್ಲಮ್ಮ. ಇಷ್ಟು ಹೊತ್ತು ನಾನು ಹೇಳಿದ್ದು ಯಾವುದೂ ಆ ಹೊತ್ತಿಗೆ ಅನ್ವಯಿಸುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಮೊದಲು ಅಲ್ಲಿಂದ ಹೊರಡಿ. ಎಲ್ಲಿಗೆ ಹೋಗುವುದು, ಯಾರಿಗೆ ಫೋನ್ ಮಾಡುವುದು ಅಂತ ಮೊದಲೇ ಯೋಚಿಸಿಟ್ಟುಕೊಳ್ಳಿ. ಅವರ ಕಾಯಿಲೆಗೆ ನಿಮ್ಮ ಮೈ ಔಷಧಿ ಅಲ್ಲ.

ಬಿಟ್ಟು ನಾಲ್ಕು ತಿಂಗಳಾದ ಹುಡುಗ ಕೇಳಿದ, "ಎಷ್ಟು ದಿನ ಹೀಗೆ ಹುಷಾರಾಗಿ ಇರಬೇಕು?" ಇದ್ದದ್ದನ್ನೇ ಹೇಳಿದೆ. ಚಿಕಿತ್ಸೆ ಪಡೆದವರಲ್ಲಿ 40ರಿಂದ 60% ಮಂದಿ ಒಂದಲ್ಲ ಒಂದು ಹೊತ್ತಿನಲ್ಲಿ ಮತ್ತೆ ಕುಡಿತಕ್ಕೆ, ನಶೆಗೆ ಮರಳುತ್ತಾರೆ. ಬಿಪಿ, ಆಸ್ತಮಾ ಇರುವವರಲ್ಲಿ ಕಾಯಿಲೆ ಮತ್ತೆ ತಲೆಯೆತ್ತುವುದೂ ಸುಮಾರು ಹೀಗೇ. ವರ್ಷ ಕಳೆದ ಹಾಗೆ ಅಪಾಯ ಇಳಿಯುತ್ತದೆ, ಐದು ವರ್ಷ ದಾಟಿದವರಲ್ಲಿ ತುಂಬ ಕಡಿಮೆ. ಅಲ್ಲಿಯವರೆಗೆ ನಾಲ್ಕು ವಿಷಯ ಗಮನದಲ್ಲಿಡು: ಹಸಿವು, ಸಿಟ್ಟು, ಒಂಟಿತನ, ಆಯಾಸ. ತುಡಿತ ಬಂದಾಗ ಇವುಗಳಲ್ಲಿ ಯಾವುದು ಅಂತ ಮೊದಲು ನೋಡಿಕೋ. ಎಷ್ಟೋ ಸಲ ಊಟ ಮಾಡಿದರೆ, ಮಲಗಿದರೆ, ಯಾರಿಗಾದರೂ ಫೋನ್ ಮಾಡಿದರೆ ಇಳಿಯುತ್ತದೆ.

ಕೊನೆಯದು ಒಬ್ಬ ತಾಯಿಯ ಪ್ರಶ್ನೆ. "ಬಿಟ್ಟವನು ಮತ್ತೆ ಕುಡಿದು ಬಂದ ರಾತ್ರಿ ಏನು ಹೇಳಬೇಕು?"

ಆ ರಾತ್ರಿ ಏನೂ ಹೇಳಬೇಡಿ ಅಂದೆ. ಪಕ್ಕಕ್ಕೆ ತಿರುಗಿಸಿ ಮಲಗಿಸಿ, ವಾಂತಿ ಗಂಟಲಿಗೆ ಸಿಕ್ಕಬಾರದು. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ ಕೂಡಲೇ ಆಸ್ಪತ್ರೆ. ಮಾತೆಲ್ಲ ಬೆಳಿಗ್ಗೆಗೆ.

ಅಣ್ಣ ಮೊದಲ ಸಲ ಜಾರಿದಾಗ ಅಮ್ಮ "ನೀನು ಸತ್ತಿದ್ದರೆ ಒಂದೇ ಸಲ ಅಳ್ತಿದ್ದೆ" ಅಂದಿದ್ದರು. ನಾನು "ಎಲ್ಲಾ ದುಡ್ಡು ನೀರಿಗೆ ಹಾಕಿದ ಹಾಗಾಯ್ತು" ಅಂದಿದ್ದೆ. ಅದಾದ ಮೇಲೆ ಅಣ್ಣ ಇಪ್ಪತ್ತು ದಿನ ಎಡೆಬಿಡದೆ ಕುಡಿದ. ಹೇಗೂ ಎಲ್ಲ ಹಾಳಾಯಿತಲ್ಲ ಅನ್ನಿಸಿಬಿಟ್ಟಿತ್ತು ಅಂತ ಆಮೇಲೆ ಹೇಳಿದ.

ಏಳು ತಿಂಗಳು ಬಿಟ್ಟಿದ್ದು ಎರಡನೇ ಸಲ ಜಾರಿದ. ಆವತ್ತು ರಾತ್ರಿ ಅತ್ತಿಗೆ ಏನೂ ಮಾತಾಡಲಿಲ್ಲ. ಬೆಳಿಗ್ಗೆ ಅವನು ಎದ್ದು ಗೋಡೆಗೊರಗಿ ಕೂತಿದ್ದ, ತಲೆ ಎತ್ತಿರಲಿಲ್ಲ. ಅತ್ತಿಗೆ ಒಂದು ಚೊಂಬು ನೀರು ತಂದು ಪಕ್ಕದಲ್ಲಿಟ್ಟು ತಾವೂ ನೆಲದ ಮೇಲೆ ಕೂತರು. "ಏಳು ತಿಂಗಳು ಇದ್ರಿ. ಅದೇನು ಹೋಗಲಿಲ್ಲ. ನಿನ್ನೆ ಏನಾಯ್ತು, ಹೇಳಬೇಕು ಅನ್ಸಿದ್ರೆ ಹೇಳಿ" ಅಂದರು.

ಅಣ್ಣ ತುಂಬ ಹೊತ್ತು ಸುಮ್ನೆ ಕೂತಿದ್ದ. ಆಮೇಲೆ, ನಿನ್ನೆ ಮೇಷ್ಟ್ರಿಗೆ ಹುಷಾರಿರಲಿಲ್ಲ, ಒಬ್ಬನೇ ಹೋದೆ, ಹಳೆಯ ದಾರಿಯಲ್ಲಿ ಹೋದೆ ಅಂದ. ನೀರು ಕುಡಿದ. ಫೋನ್ ಎಲ್ಲಿದೆ ಅಂತ ಕೇಳಿದ.